ಸುಗುಣಳ ಬಸ್ ಟೈಮು

ಇಂಥ ಸಂಗತಿಗಳನ್ನು ಹೇಳುವವರನ್ನು ಕಂಡರೆ ನನಗೆ ಮೊದಲು ನಗು ಬರುತ್ತಿತ್ತು. ತಾಯಲೂರಿನ ನಮ್ಮ ಅಜ್ಜಿ ಕೆರೆಕಟ್ಟೆಯ ಮೇಲೆ ಬಿಳಿ ಸೀರೆಯವಳನ್ನು ಕಂಡ ಕಥೆ ಎಷ್ಟು ಸಲ ಹೇಳಿದ್ದಾಳೋ ಅಷ್ಟು ಸಲವೂ ನಾನು "ಸೀರೆ ಅಂಚು ಯಾವ ಬಣ್ಣ ಇತ್ತು, ಸರಿಯಾಗಿ ನೋಡ್ದಾ?" ಎಂದು ಕೇಳಿ ಬೈಸಿಕೊಂಡಿದ್ದೇನೆ. ಆಮೇಲೆ ನಾನು ಹಿಡಿದ ಕೆಲಸವೂ ಅಂಥದ್ದೇ. ಶ್ರೀನಿವಾಸಪುರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು. "ಮೇಡಂ, ಅದರಷ್ಟಕ್ಕೆ ಅದೇ ಹಿಂಗಾಗೋಯ್ತು" ಎಂದು ಯಾವ ಹುಡುಗ ಬಂದರೂ ನನ್ನ ಬಳಿ ಒಂದೇ ಉತ್ತರವಿತ್ತು. ಅದರಷ್ಟಕ್ಕೆ ಅದೇ ಏನೂ ಆಗುವುದಿಲ್ಲ, ನೀನೇ ಏನೋ ಒತ್ತಿದ್ದೀಯ, ಹೋಗಿ ನೋಡು.

ಈ ಮಾತನ್ನು ಈಗಲೂ ಹೇಳುತ್ತೇನೆ. ಆದರೆ ಮೊದಲಿನ ಜೋರು ಇಲ್ಲ. ಯಾಕೆಂದು ಇಲ್ಲಿ ಬರೆಯುತ್ತಿದ್ದೇನೆ. ನಂಬಿ ಎಂದು ಕೇಳುವುದಿಲ್ಲ, ನೀವು ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ.

ಲ್ಯಾಬನ್ನು ನಿಜವಾಗಿ ಕಟ್ಟಿದವಳು ನಾನಲ್ಲ, ಸುಗುಣ. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ನಾನು ಮುಳಬಾಗಿಲಿನಿಂದ ಬರುತ್ತಿದ್ದೆ, ಅವಳು ರಾಯಲ್ಪಾಡಿನಿಂದ. ಅವಳ ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ ಒಟ್ಟಿಗೆ. ನಮ್ಮ ಲ್ಯಾಬಿಗೆ ಬಂದದ್ದು ಬೆಂಗಳೂರಿನ ಯಾವುದೋ ಕಚೇರಿ ಬೇಡವೆಂದು ಬಿಟ್ಟ ಹಳೆಯ ಯಂತ್ರಗಳು. ಒಂದಾದ ಮೇಲೆ ಒಂದರಂತೆ ಅವುಗಳ ಡಿಸ್ಕು ಕೆಟ್ಟವು. ಹೊಸದು ಕೊಡಿ ಎಂದರೆ ಆಡಳಿತ ಮಂಡಳಿಯವರು ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದರು. ಆ ಮುಂದಿನ ವರ್ಷ ಬರುತ್ತಲೇ ಇರಲಿಲ್ಲ. ನಾನು ಕೈಚೆಲ್ಲಿ ಕೂತಾಗ ಸುಗುಣ ಹೇಳಿದ್ದು ನೆನಪಿದೆ: "ಡಿಸ್ಕೇ ಬೇಡ ಬಿಡೇ. ಚೆನ್ನಾಗಿರೋ ಮಿಷಿನ್ ಒಂದು ಇಟ್ಕೊಳ್ಳೋಣ. ಮಿಕ್ಕಿದ್ದೆಲ್ಲ ಅದನ್ನ ಕೇಳ್ಕೊಂಡು ಎದ್ದೇಳ್ಲಿ."

ಅವಳು ಹೇಳಿದ್ದು ನೆಟ್‌ವರ್ಕ್ ಬೂಟ್ ಎನ್ನುವ ಏರ್ಪಾಡು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಕಷ್ಟದ್ದೇನಲ್ಲ. ತನ್ನದೆಂದು ಏನೂ ಇಲ್ಲದ ಯಂತ್ರ ಕರೆಂಟು ಬಂದ ಕೂಡಲೇ ತಂತಿಯೊಳಗೆ ಒಂದು ಕೂಗು ಹಾಕುತ್ತದೆ: ಯಾರಾದರೂ ಇದ್ದೀರಾ? ನಾನು ಯಾರು? ಏನು ಮಾಡಬೇಕು? ಆ ಕೂಗಿಗೆ ಓಗೊಡುವ ಯಂತ್ರ ಒಂದು ಕಡೆ ಇದ್ದರೆ, ಅದು ಇವಕ್ಕೆಲ್ಲ ಹೆಸರು ಕೊಟ್ಟು, ಕೆಲಸ ಕೊಟ್ಟು ಎಬ್ಬಿಸುತ್ತದೆ. ಇಲ್ಲದಿದ್ದರೆ ಕೂಗಿದ ಯಂತ್ರ ಸ್ವಲ್ಪ ಹೊತ್ತು ಕಾದು, ಯಾರೂ ಸಿಗಲಿಲ್ಲ ಎಂದು ಪರದೆಯ ಮೇಲೆ ಬರೆದು ಸುಮ್ಮನಾಗುತ್ತದೆ. ನಮ್ಮ ಲ್ಯಾಬಿನ ಮೂಲೆಯಲ್ಲಿ ಓಗೊಡುತ್ತಿದ್ದ ಆ ಒಂದು ಯಂತ್ರಕ್ಕೆ ಸುಗುಣ ದೊಡ್ಡಮ್ಮ ಎಂದು ಹೆಸರಿಟ್ಟಳು.

ದೊಡ್ಡಮ್ಮನ ಗಡಿಯಾರವನ್ನು ಅವಳು ಇಪ್ಪತ್ತು ನಿಮಿಷ ಮುಂದಿಟ್ಟಿದ್ದಳು. ನಮ್ಮ ಕಡೆ ಮನೆಯ ಗಡಿಯಾರ ಸರಿಯಾದ ಗಂಟೆ ತೋರಿಸಿದರೆ ಅದು ಕೆಟ್ಟಿದೆ ಎಂದೇ ಅರ್ಥ. ಬಸ್ಸು ತಪ್ಪಬಾರದೆಂದು ಎಲ್ಲರೂ ಮುಂದಿಟ್ಟಿರುತ್ತಾರೆ. ಮುಂದಿದೆ ಎಂದು ಮನೆಮಂದಿಗೆಲ್ಲ ಗೊತ್ತು, ಆದರೂ ನೋಡಿದ ಕೂಡಲೇ ಎದೆ ಧಸಕ್ಕೆನ್ನುತ್ತದೆ, ಕಾಲು ಚಪ್ಪಲಿ ಹುಡುಕುತ್ತದೆ. ರಾಯಲ್ಪಾಡಿನ ಕಡೆಗೆ ಸಂಜೆಯ ಬಸ್ಸು ತಪ್ಪಿದರೆ ಹೆಣ್ಣುಮಕ್ಕಳಿಗೆ ಬಹಳ ಕಷ್ಟ. ಲ್ಯಾಬಿನ ಯಂತ್ರಗಳೆಲ್ಲ ದೊಡ್ಡಮ್ಮನ ಗಂಟೆಯನ್ನೇ ಕೇಳಿ ಇಟ್ಟುಕೊಳ್ಳುತ್ತಿದ್ದವಾದ್ದರಿಂದ, ಪರದೆ ನೋಡಿದ ಮಕ್ಕಳು ತಾವಾಗಿಯೇ ಎದ್ದು ಹೊರಡುತ್ತಿದ್ದರು. ಅದಕ್ಕೆ ಬಸ್ ಟೈಮು ಎನ್ನುತ್ತಿದ್ದೆವು.

ಇನ್ನೊಂದು ಕೆಲಸವನ್ನೂ ಅವಳು ಮಾಡಿದ್ದಳು. ಬೆಳಿಗ್ಗೆ ಯಂತ್ರಗಳು ಎದ್ದ ಕೂಡಲೇ ನೀಲಿ ಪರದೆಯ ಮೇಲೆ, ಇಂಗ್ಲಿಷ್ ಅಕ್ಷರಗಳಲ್ಲಿ, ಒಂದು ಸಾಲು ಬರುತ್ತಿತ್ತು: "ಲೇಚಾವಾ? ತಿಂಡಿ ಆಯ್ತಾ?" ಎದ್ದೆಯಾ ಎಂದು ತೆಲುಗಿನಲ್ಲಿ, ತಿಂಡಿ ಕನ್ನಡದಲ್ಲಿ. ಅದರ ಮೇಲ್ಮೂಲೆಯಲ್ಲಿ ಬಸ್ ಟೈಮು. ಎಂಟರ್ ಒತ್ತಿದರೆ ಮುಂದಕ್ಕೆ ಹೋಗುತ್ತಿತ್ತು. ಬೆಳಗಿನ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ನಾನು ತಿಂಡಿ ತಿನ್ನದೆ ಬರುತ್ತಿದ್ದೆ. ಅದು ಗೊತ್ತಾಗಿ ಅವಳು ನನ್ನನ್ನು ಚುಚ್ಚಲೆಂದೇ ಆ ಸಾಲು ಬರೆದದ್ದು. ನಾನು "ಇಲ್ಲ ಕಣೇ" ಎಂದರೆ ಡಬ್ಬಿ ಮುಂದೆ ತಳ್ಳುತ್ತಿದ್ದಳು. ಅವರಮ್ಮ ಮಾಡಿದ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಅರ್ಧ ನನಗೆ.

ಒಂದು ಬೇಸಿಗೆಯಲ್ಲಿ ಅವಳಿಗೆ ಕಾಮಾಲೆ ಬಂತು. ಮೊದಲು ಊರಿನ ಔಷಧಿ, ಆಮೇಲೆ ಕೋಲಾರದ ಆಸ್ಪತ್ರೆ, ಆಮೇಲೆ ಬೆಂಗಳೂರು. ಕೋಲಾರದಲ್ಲಿದ್ದಾಗ ನಾನು ಹೋಗಿ ನೋಡಿದೆ. ಕಣ್ಣು ಅರಿಶಿನವಾಗಿತ್ತು, ಮಾತು ಮಾತ್ರ ಎಂದಿನಂತೆಯೇ ಇತ್ತು. "ನಾನು ಬರೋವರ್ಗೂ ದೊಡ್ಡಮ್ಮನ್ನ ಆಫ್ ಮಾಡ್ಬೇಡ ಕಣೇ. ಆಮೇಲೆ ಎದ್ದೇಳಲ್ಲ ಅವ್ಳು." ಸರಿ ಬೇಗ ಬಾರೇ ಎಂದೆ. ಬರ್ತೀನಿ ಎಂದಳು. ಬರಲಿಲ್ಲ.

ನಾನು ದೊಡ್ಡಮ್ಮನನ್ನು ಆಫ್ ಮಾಡಲಿಲ್ಲ. ರಜೆಯಲ್ಲೂ ಬಿಡಲಿಲ್ಲ. ದಿನಾ ಬೆಳಿಗ್ಗೆ ಲ್ಯಾಬಿನ ಸ್ವಿಚ್ಚು ಹಾಕಿದರೆ ಸಾಲುಸಾಲು ಪರದೆಗಳು ಒಂದೇ ಮಾತು ಕೇಳುತ್ತಿದ್ದವು. ಮಕ್ಕಳು ಬರುವ ಮೊದಲು ನಾನೊಬ್ಬಳೇ ಅವುಗಳ ಮಧ್ಯೆ ನಿಂತಿರುತ್ತಿದ್ದೆ. ಮೊದಮೊದಲು ಅಳು ಬರುತ್ತಿತ್ತು, ಆಮೇಲೆ ಅದೇ ನನ್ನ ದಿನದ ಒಳ್ಳೆಯ ಗಳಿಗೆಯಾಯಿತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಅರ್ಥವಾಗುವಂಥದ್ದೂ ಅಲ್ಲ. ಗೆಳತಿ ಸತ್ತರೆ ನಮ್ಮಲ್ಲಿ ಸೂತಕವಿಲ್ಲ, ರಜೆಯೂ ಇಲ್ಲ.

ಮರುವರ್ಷ ಮಾವಿನ ಕಾಲದಲ್ಲಿ, ಊರೆಲ್ಲ ಲಾರಿಗಳು ನಿಂತು ಮಂಡಿಗಳಿಂದ ಹಣ್ಣಿನ ವಾಸನೆ ಲ್ಯಾಬಿನವರೆಗೂ ಬರುತ್ತಿದ್ದ ದಿನಗಳಲ್ಲಿ, ದೊಡ್ಡಮ್ಮ ಕಟಕಟ ಸದ್ದು ಮಾಡಿ ನಿಂತುಹೋದಳು. ಡಿಸ್ಕು ಮತ್ತೆ ತಿರುಗಲಿಲ್ಲ. ನನ್ನ ಬಳಿ ಇದ್ದ ನಕಲು ಹಳೆಯದು. ಅದರಲ್ಲಿ ಮಕ್ಕಳ ಪಾಠದ ಸಾಮಾನೆಲ್ಲ ಇತ್ತು, ಆ ಸಾಲು ಇರಲಿಲ್ಲ.

ಪ್ರಾಯೋಗಿಕ ಪರೀಕ್ಷೆ ಹತ್ತಿರವಿತ್ತು. ಅದೃಷ್ಟಕ್ಕೆ ಆಡಳಿತ ಮಂಡಳಿಯವರ ಮುಂದಿನ ವರ್ಷ ಕೊನೆಗೂ ಬಂದು ಒಂದು ಹೊಸ ಸರ್ವರ್ ಪೆಟ್ಟಿಗೆ ಕೊಟ್ಟಿದ್ದರು. ಆಗಷ್ಟೇ ನಮ್ಮ ಕಡೆಗೂ ವರ್ಚುವಲ್ ಮೆಷಿನ್ ಎನ್ನುವುದು ಬಂದಿತ್ತು. ಒಂದೇ ಪೆಟ್ಟಿಗೆಯೊಳಗೆ ಹಲವು ಯಂತ್ರಗಳಿವೆ ಎಂದು ಅವಕ್ಕೇ ನಂಬಿಸುವ ಉಪಾಯ. ಒಂದೇ ಮನೆಯೊಳಗೆ ಗೋಡೆ ಎಬ್ಬಿಸಿ ಅಣ್ಣತಮ್ಮಂದಿರು ಬೇರೆ ಬೇರೆ ಒಲೆ ಹೂಡಿದ ಹಾಗೆ. ಅದರಲ್ಲಿ ಒಂದನ್ನು ಹೊಸ ದೊಡ್ಡಮ್ಮನನ್ನಾಗಿ ಮಾಡಿದೆ. ಆ ಸಾಲನ್ನು ನಾನೇ ಟೈಪ್ ಮಾಡಿ ನೋಡಿದೆ. ಅಕ್ಷರ ಅವೇ, ಬಣ್ಣ ಅದೇ. ಆದರೆ ನನ್ನನ್ನು ನಾನೇ ತಿಂಡಿ ಆಯ್ತಾ ಎಂದು ಕೇಳಿಕೊಂಡಂತಾಯಿತು. ಅಳಿಸಿಬಿಟ್ಟೆ.

ಗಡಿಯಾರ ಇನ್ನೊಂದು ತಲೆನೋವು. ಹೊಸ ಪೆಟ್ಟಿಗೆ ಇಂಗ್ಲೆಂಡಿನ ಗಂಟೆಯನ್ನೇ ಗಂಟೆ ಎಂದು ನಂಬಿತ್ತು. ಒಳಗಿನ ಒಂದೊಂದು ಯಂತ್ರಕ್ಕೂ ಇದು ನಮ್ಮೂರು, ಐದೂವರೆ ಗಂಟೆ ಸೇರಿಸಿಕೋ ಎಂದು ತಿದ್ದದಿದ್ದರೆ ಊಟದ ಹೊತ್ತಿನಲ್ಲಿ ಬೆಳಗಿನ ಏಳೂವರೆ ತೋರಿಸುತ್ತಿತ್ತು. ಪ್ರಿನ್ಸಿಪಾಲರು ಬೇರೆ ಬಂದು ಹೇಳಿಹೋಗಿದ್ದರು: "ಈ ಸಲ ನಿಮ್ಮ ಬಸ್ ಟೈಮ್ ಗಿಸ್ ಟೈಮ್ ಎಲ್ಲ ನಡಿಯಲ್ಲಮ್ಮ. ಉತ್ತರದ ಕೆಳಗೆ ಟೈಮ್ ಬೀಳುತ್ತೆ. ಇಪ್ಪತ್ತು ನಿಮಿಷ ಲೇಟು ಅಂತ ಬಂದ್ರೆ ಮಕ್ಕಳ ಪರೀಕ್ಷೆ ಲೆಕ್ಕಕ್ಕೇ ತಗೊಳಲ್ಲ." ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಅಟೆಂಡರ್ ಮುನಿಯಮ್ಮ ಸ್ಟೂಲು ಹತ್ತಿ, ಅಷ್ಟೇ ಮುಂದಿದ್ದ ಗೋಡೆಯ ಗಡಿಯಾರವನ್ನೂ ಸರಿಮಾಡಿದಳು. ಹೀಗೆ ಸುಗುಣಳ ಗಂಟೆ ಲ್ಯಾಬಿನ ಎಲ್ಲ ಕಡೆಯಿಂದಲೂ ಹೋಯಿತು.

ಪರೀಕ್ಷೆಯ ಹಿಂದಿನ ದಿನದ ಸಂಜೆ. ಮಕ್ಕಳೆಲ್ಲ ಹೋಗಿದ್ದರು. ಬಿಸಿಲು ಇನ್ನೂ ಇತ್ತು, ಕಿಟಕಿಯಿಂದ ಓರೆಯಾಗಿ ಬಂದು ಕೀಬೋರ್ಡುಗಳ ಧೂಳನ್ನೆಲ್ಲ ತೋರಿಸುತ್ತಿತ್ತು. ಹೆದರಿಕೆ ಹುಟ್ಟಿಸುವಂಥದ್ದು ಏನೂ ಇರಲಿಲ್ಲ. ಬೆಳಿಗ್ಗೆಯಿಂದ ಹೊಟ್ಟೆಗೆ ಕಾಫಿ ಬಿಟ್ಟರೆ ಬೇರೇನೂ ಬಿದ್ದಿರಲಿಲ್ಲ, ಇದನ್ನೂ ಹೇಳಿಬಿಡುತ್ತೇನೆ, ಬೇಕಾದವರು ಅದೇ ಕಾರಣ ಎಂದುಕೊಳ್ಳಬಹುದು. ಗಡಿಯಾರ ತಿದ್ದಲು ಹೊಸ ದೊಡ್ಡಮ್ಮನನ್ನು ನಿಲ್ಲಿಸಿದ್ದೆ. ಲ್ಯಾಬಿನ ಯಂತ್ರಗಳ ಮೇನ್ ಸ್ವಿಚ್ಚು ತೆಗೆದಿದ್ದೆ. ಹಳೆಯ ದೊಡ್ಡಮ್ಮನ ಡಿಸ್ಕು ನನ್ನ ಮೇಜಿನ ಡ್ರಾಯರಿನಲ್ಲಿ, ಬಟ್ಟೆಯಲ್ಲಿ ಸುತ್ತಿ ಇತ್ತು. ಎಸೆಯಲು ಮನಸ್ಸು ಬಂದಿರಲಿಲ್ಲ.

ಎಲ್ಲ ಸರಿಯಾಗಿ ಏಳುತ್ತದೋ ಎಂದು ನೋಡಲು ಪೆಟ್ಟಿಗೆಯೊಳಗೆ ಹೊಸದಾಗಿ ಇನ್ನೊಂದು ಯಂತ್ರ ಮಾಡಿದೆ. ಅದಕ್ಕೆ ಡಿಸ್ಕು ಕೊಡಲಿಲ್ಲ, ನೆಟ್‌ವರ್ಕಿನಿಂದಲೇ ಏಳಬೇಕು ಎಂದು ಬರೆದು ಚಾಲೂ ಮಾಡಿದೆ. ಓಗೊಡಬೇಕಾದ ಯಂತ್ರವನ್ನು ನಿಲ್ಲಿಸಿದ್ದು ಆ ಕ್ಷಣಕ್ಕೆ ಮರೆತಿತ್ತು. ನೆನಪಾಗಿ, ಅಯ್ಯೋ ಇದು ಸುಮ್ಮನೆ ಕೂಗಿಕೊಂಡು ಕೂರುತ್ತದೆ ಎಂದುಕೊಂಡು ನಿಲ್ಲಿಸಲು ಕೈ ಚಾಚಿದೆ.

ಪರದೆ ನೀಲಿಯಾಯಿತು. ನಡುವೆ ಆ ಸಾಲು. ಲೇಚಾವಾ? ತಿಂಡಿ ಆಯ್ತಾ?

ನಾನು ಮೊದಲು ಮಾಡಿದ್ದು ಅಳುವುದಲ್ಲ, ತಪ್ಪು ಹುಡುಕುವುದು. ಅಭ್ಯಾಸ. ಹೊಸ ದೊಡ್ಡಮ್ಮ ನಿಂತೇ ಇದ್ದಾಳೆಯೇ ಎಂದು ನೋಡಿದೆ, ನಿಂತಿದ್ದಳು. ಲ್ಯಾಬಿನ ಸ್ವಿಚ್ಚು ನೋಡಿದೆ. ಪೆಟ್ಟಿಗೆಯ ಹಿಂದಿನ ನೆಟ್‌ವರ್ಕ್ ತಂತಿಯನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡು ಯಂತ್ರವನ್ನು ಇನ್ನೊಮ್ಮೆ ಎಬ್ಬಿಸಿದೆ. ಮತ್ತೆ ಅದೇ ಸಾಲು ಬಂತು. ಡ್ರಾಯರ್ ತೆಗೆದು ಬಟ್ಟೆ ಬಿಚ್ಚಿದೆ, ಡಿಸ್ಕು ತಣ್ಣಗೆ ಇತ್ತು. ಆಮೇಲೆ ಪರದೆಯ ಮೇಲ್ಮೂಲೆ ನೋಡಿದೆ. ಗಂಟೆ ಗೋಡೆಯ ಗಡಿಯಾರಕ್ಕಿಂತ ಇಪ್ಪತ್ತು ನಿಮಿಷ ಮುಂದಿತ್ತು.

ಪರದೆಯ ಮುಂದೆ ಕೂತುಬಿಟ್ಟೆ. ಹೆದರಿಕೆ ಆಗಲಿಲ್ಲ, ಇದನ್ನು ಯಾರೂ ನಂಬುವುದಿಲ್ಲ. ನನಗೆ ಆದದ್ದು ಆಸೆ. ಈ ಪರದೆ ಹೀಗೇ ಇರಲಿ, ನಾನು ಹೀಗೇ ಕೂತಿರಲಿ ಎನ್ನುವ ಆಸೆ. ಆದರೆ ತಿದ್ದಿದ ಗಡಿಯಾರಗಳು ಹಿಡಿಯಬೇಕಾದರೆ ಇಡೀ ಪೆಟ್ಟಿಗೆಯನ್ನು ಒಮ್ಮೆ ಆರಿಸಿ ಹಚ್ಚಲೇಬೇಕಿತ್ತು. ಅದಾಗದಿದ್ದರೆ ಬೆಳಿಗ್ಗೆ ಮಕ್ಕಳ ಪರೀಕ್ಷೆ ಕೆಡುತ್ತಿತ್ತು. ಆರಿಸಿದರೆ ಈ ಸಾಲು ಮತ್ತೆ ಬರುತ್ತದೆಂದು ಯಾರು ಹೇಳಬಲ್ಲರು? ಇದ್ದ ಯಂತ್ರವನ್ನು ಇದ್ದ ಹಾಗೆ ಹಿಡಿದಿಡುವ ಸೌಲಭ್ಯ ಇಂಥ ಪೆಟ್ಟಿಗೆಗಳಲ್ಲಿ ಇರುತ್ತದೆ, ಸ್ನಾಪ್‌ಶಾಟ್ ಎನ್ನುತ್ತಾರೆ. ಅದನ್ನು ಮಾಡಿದೆ. ಮಾಡಿಯೂ ಧೈರ್ಯ ಬರಲಿಲ್ಲ. ಮದುವೆಯಾದ ಮಗಳನ್ನು ಬಸ್ಸು ಹತ್ತಿಸಲು ಬಂದವರು ಕಿಟಕಿ ಹಿಡಿದು ನಿಲ್ಲುತ್ತಾರಲ್ಲ, ಹಾಗೆ ಮಾನಿಟರಿನ ಅಂಚು ಹಿಡಿದುಕೊಂಡಿದ್ದೆ.

"ಇಲ್ಲ ಕಣೇ," ಎಂದೆ, ಗಟ್ಟಿಯಾಗಿಯೇ. "ಆಗಿಲ್ಲ ತಿಂಡಿ. ನೀನಿಲ್ದೆ ಯಾವತ್ತೂ ಸರಿಯಾಗಿ ಆಗಿಲ್ಲ."

"ಯಾರ್ ಜೊತೆ ಮೇಡಂ ಮಾತಾಡ್ತಾ ಇದೀರ?" ಬಾಗಿಲಲ್ಲಿ ಮುನಿಯಮ್ಮ ಬೀಗದ ಕೈ ಹಿಡಿದು ನಿಂತಿದ್ದಳು. ವಕ್ಕಲೇರಿ ಕಡೆಯಿಂದ ಮದುವೆಯಾಗಿ ಬಂದ ಹೆಂಗಸು, ಓದು ಬರುವುದಿಲ್ಲ, ಅಂಕಿ ಗೊತ್ತು. ಒಳಗೆ ಬಂದು ಪರದೆ ನೋಡಿದವಳೇ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿದಳು. "ಅಯ್ಯಯ್ಯೋ, ಆಗ್ಲೇ ಆರಾಗೋಯ್ತಾ! ಬಸ್ ಹೋಯ್ತದೆ, ಏಳಿ ಏಳಿ." ಆಮೇಲೆ ತಲೆಯೆತ್ತಿ ಗೋಡೆ ನೋಡಿದಳು. ಮತ್ತೆ ಪರದೆ ನೋಡಿದಳು. ಅವಳ ದನಿ ತಗ್ಗಿತು. "ಗೋಡೇದು ನಾನೇ ಸರಿ ಮಾಡಿದ್ನಲ್ಲ... ಇದು ಸುಗುಣಮ್ಮೋರ ಟೈಮಲ್ವಾ?"

ನಾನು ಹೌದು ಎಂದು ತಲೆಯಾಡಿಸಿದೆ. ಅವಳು ನನ್ನ ಪಕ್ಕಕ್ಕೆ ಬಂದು ನಿಂತಳು. ಆಮೇಲೆ ಭುಜ ಮುಟ್ಟಿ, "ಆಯಮ್ಮ ಇದ್ದಿದ್ರೂ ಅದೇ ಹೇಳ್ತಿದ್ರು. ಬಸ್ಸಿಗೆ ಹೊರಡಿ ಅಂತ. ಮಕ್ಳುದ್ದು ನಾಳೆ ಪರೀಕ್ಷೆ ಐತೆ, ಮುಗ್ಸಿ" ಎಂದಳು.

ಪೆಟ್ಟಿಗೆಯನ್ನು ಆರಿಸಿದೆ. ಹಚ್ಚಿದೆ. ಗಡಿಯಾರಗಳೆಲ್ಲ ಗೋಡೆಯೊಂದಿಗೆ ಹೊಂದಿಕೊಂಡು ಬಂದವು. ಹಿಡಿದಿಟ್ಟಿದ್ದ ಆ ಯಂತ್ರವನ್ನು ತೆರೆದೆ. ಕಪ್ಪು ಪರದೆ, ಓಗೊಡುವವರು ಯಾರೂ ಸಿಗಲಿಲ್ಲ ಎನ್ನುವ ಮಾಮೂಲಿ ಸಾಲು, ಕೆಳಗೆ ಮಿಣುಕುವ ಗೆರೆ. ಅಷ್ಟೇ. ಹೊಸದಾಗಿ ಇನ್ನೊಂದು ಮಾಡಿ ನೋಡಿದೆ, ಅದಕ್ಕೂ ಅಷ್ಟೇ. ಮುನಿಯಮ್ಮ ನನ್ನ ಚೀಲ ಕೈಗೆ ಕೊಟ್ಟು ಹೊರಗೆ ಕರೆದುಕೊಂಡು ಹೋದಳು. ಪರೀಕ್ಷೆ ಯಾವ ತೊಂದರೆಯೂ ಇಲ್ಲದೆ ನಡೆಯಿತು, ಪ್ರಿನ್ಸಿಪಾಲರು ಮೊದಲ ಸಲ ನನ್ನನ್ನು ಹೊಗಳಿದರು. ಆ ಹೊಗಳಿಕೆ ನನಗೆ ಬೇಕಾಗಿರಲಿಲ್ಲ.

ಪೆಟ್ಟಿಗೆ ಮಾರಿದ ಕಡೆಯ ಎಂಜಿನಿಯರ್ ಒಬ್ಬರನ್ನು, ಬೇರೆಯವರಿಗೆ ಆದದ್ದು ಎಂಬಂತೆ, ಕೇಳಿದೆ. ಹಳೆಯದೇನೋ ನೆನಪಿನಲ್ಲಿ ಉಳಿದಿರುತ್ತದೆ ಮೇಡಂ ಎಂದರು. ಯಾವುದರ ನೆನಪಿನಲ್ಲಿ? ಆ ಪೆಟ್ಟಿಗೆ ಸುಗುಣಳನ್ನು ಕಂಡೇ ಇರಲಿಲ್ಲ. ನಾನೇ ಟೈಪ್ ಮಾಡಿ ಅಳಿಸಿದ್ದ ಸಾಲು ಎಲ್ಲೋ ಉಳಿದಿತ್ತೇನೋ ಎಂದೂ ಯೋಚಿಸಿದ್ದೇನೆ. ಇರಬಹುದು. ಆದರೆ ನಾನು ಅದಕ್ಕೆ ಗಂಟೆ ಸೇರಿಸಿರಲಿಲ್ಲ, ಇಪ್ಪತ್ತು ನಿಮಿಷವನ್ನಂತೂ ಸೇರಿಸಿರಲೇ ಇಲ್ಲ. ಮುನಿಯಮ್ಮನಿಗೆ ನಾನು ಏನೂ ಹೇಳಿಕೊಟ್ಟೂ ಇರಲಿಲ್ಲ.

ರಜೆಯಲ್ಲಿ ರಾಯಲ್ಪಾಡಿಗೆ ಹೋದೆ. ಸುಗುಣಳ ಅಮ್ಮ ಜಗಲಿಯ ಮೇಲೆ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದರು. ಹೇಳಬೇಕೋ ಬೇಡವೋ ಎಂದು ಬಹಳ ಹೊತ್ತು ಒದ್ದಾಡಿ ಹೇಳಿಬಿಟ್ಟೆ. ಅವರು ಈಳಿಗೆಮಣೆ ಪಕ್ಕಕ್ಕಿಟ್ಟು ಕೇಳಿದರು. ಅವರಿಗೆ ಯಂತ್ರ, ತಂತಿ ಯಾವುದೂ ಬೇಕಾಗಿರಲಿಲ್ಲ. "ನಾ ಗುರಿಂಚಿ ಏಮನ್ನಾ ಅಡಿಗಿಂದಾ?" ಎಂದರು. ನನ್ನ ಬಗ್ಗೆ ಏನಾದರೂ ಕೇಳಿದಳಾ ಎಂದು.

ಲೇಚಾವಾ, ತಿಂಡಿ ಆಯ್ತಾ ಅಂತ ಅಷ್ಟೇ ಇತ್ತಮ್ಮ ಎಂದೆ. ಅವರು ಮುಖ ಆಚೆ ತಿರುಗಿಸಿದರು. "ಲೇಚಾವಾ ಅನ್ನೋದು ನನ್ ಮಾತು ಕಣಮ್ಮಾ. ಚಿಕ್ಕವಳಿದ್ದಾಗಿಂದ ದಿನಾ ಹಂಗೇ ಎಬ್ಬಿಸ್ತಿದ್ದೆ. ಬೆಂಗಳೂರಾಸ್ಪತ್ರೇಲಿ ಆ ಕೊನೇ ದಿನ ಬೆಳಿಗ್ಗೇನೂ ಅಂದೆ. ಏಳಲಿಲ್ಲ." ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಹೋಗಿ, ತಟ್ಟೆಯಲ್ಲಿ ರೊಟ್ಟಿ ಹಾಕಿಕೊಂಡು ಬಂದರು. ಪೂರ್ತಿ ರೊಟ್ಟಿ. ನಾನು ಅಭ್ಯಾಸಬಲದಿಂದ ಅದನ್ನು ಎರಡು ಭಾಗ ಮಾಡಿದೆ. ಇಬ್ಬರೂ ಆ ಇನ್ನರ್ಧವನ್ನು ನೋಡುತ್ತ ಕೂತೆವು.

ಈಗ ಲ್ಯಾಬಿನ ಯಂತ್ರಗಳಿಗೆಲ್ಲ ಸ್ವಂತ ಡಿಸ್ಕು ಬಂದಿದೆ. ನೆಟ್‌ವರ್ಕಿನಲ್ಲಿ ಕೂಗುವ ಅಗತ್ಯ ಯಾವುದಕ್ಕೂ ಇಲ್ಲ. ಬೆಳಿಗ್ಗೆ ಸುಮ್ಮನೆ ತಡವಾಗುತ್ತದೆಂದು ಹೊಸ ಹುಡುಗರು ಅದನ್ನು ಎಲ್ಲ ಯಂತ್ರಗಳಲ್ಲೂ ತೆಗೆದುಹಾಕಿದ್ದಾರೆ. ಮೂಲೆಯಲ್ಲಿ ಸುಗುಣ ಕೂರುತ್ತಿದ್ದ ಜಾಗದ ಒಂದು ಯಂತ್ರವನ್ನು ಮಾತ್ರ ಮುಟ್ಟಬೇಡಿ ಎಂದಿದ್ದೇನೆ. ಅದು ದಿನಾ ಬೆಳಿಗ್ಗೆ ಮೊದಲು ತಂತಿಯೊಳಗೆ ಕೂಗುತ್ತದೆ, ಯಾರಾದರೂ ಇದ್ದೀರಾ ಎಂದು. ಕಾಯುತ್ತದೆ. ಉತ್ತರ ಬರದೆ, ಆಮೇಲೆ ತನ್ನ ಪಾಡಿಗೆ ತಾನು ಎದ್ದುಕೊಳ್ಳುತ್ತದೆ. ಅದು ಕಾಯುವಷ್ಟು ಹೊತ್ತು ನಾನೂ ಪಕ್ಕದಲ್ಲಿ ನಿಂತಿರುತ್ತೇನೆ.

ಆ ಸಂಜೆ ಏನಾಯಿತೆಂದು ನನಗೆ ಇಂದಿಗೂ ಗೊತ್ತಿಲ್ಲ. ಆದರೆ ಈಗ ಬೆಳಿಗ್ಗೆ ಎಷ್ಟೇ ಗಡಿಬಿಡಿಯಿದ್ದರೂ ತಿಂಡಿ ತಿಂದೇ ಬಸ್ಸು ಹತ್ತುತ್ತೇನೆ. ಇನ್ನೊಮ್ಮೆ ಅವಳು ಕೇಳಿದರೆ, ಆಯ್ತು ಕಣೇ ಎನ್ನಬೇಕಲ್ಲ.